ಕುಸ್ವಾರ್: ಕೈ ತುಂಬ ಕೆಲಸ, ಕಿವಿ ತುಂಬ ಕತೆ

ಮಂಗಳೂರಿನ ಫಳ್ನೀರಿನಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದ ಮನೆಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಇತ್ತು. ಅದರೊಳಗೆ ಏಳು ಬಾಚಣಿಗೆ. ಒಂದೂ ತಲೆ ಕಂಡದ್ದಲ್ಲ. ವರ್ಷದ ಹನ್ನೊಂದು ತಿಂಗಳು ಅಟ್ಟದ ಮೇಲಿದ್ದು, ಡಿಸೆಂಬರ್ ಎರಡನೆಯ ವಾರ ಕೆಳಗಿಳಿದು, ಬಿಸಿನೀರಿನಲ್ಲಿ ಮಿಂದು, ಊಟದ ಮೇಜಿನ ಮೇಲೆ ಸಾಲಾಗಿ ಮಲಗುತ್ತಿದ್ದವು. ಮೊದಲ ಸಲ ನೋಡಿದಾಗ ನನಗೆ ಎಂಟು ವರ್ಷ. ಇಷ್ಟು ಜನರಿಗೆ ಒಟ್ಟಿಗೆ ಜಡೆ ಹೆಣೆಯುತ್ತಾರೋ ಏನೋ ಎಂದುಕೊಂಡಿದ್ದೆ.

ಅವು ಕಿಡಿಯೊ ಮಾಡುವ ಬಾಚಣಿಗೆಗಳು. ನೆಲ್ಲಿಕಾಯಿಗಿಂತ ಚಿಕ್ಕ ಮೈದಾ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ, ತೆಳ್ಳಗಾದದ್ದನ್ನು ಹಾಗೇ ಸುರುಳಿ ಸುತ್ತಿ ಕೆಳಕ್ಕೆ ಉರುಳಿಸಬೇಕು. ಮೈ ತುಂಬ ಗೀರು ಬಿದ್ದ ಪುಟ್ಟ ಚಿಪ್ಪೊಂದು ತಟ್ಟೆಗೆ ಬೀಳುತ್ತದೆ. ಬಾಚಣಿಗೆ ಇಲ್ಲದವರು ಫೋರ್ಕಿನ ಬೆನ್ನಿನಲ್ಲಿ ಮಾಡುತ್ತಾರೆ. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳಗಳು. ಈ ಅರ್ಥ ತಿಳಿದ ದಿನ ನಮ್ಮಮ್ಮ ಹಬ್ಬದ ತಿಂಡಿಗೆ ಇದೆಂಥ ಹೆಸರು ಎಂದು ನಾಲ್ಕು ದಿನ ಮುಖ ಕಿವಿಚಿದ್ದರು. ನಮ್ಮಲ್ಲೂ ಶ್ಯಾವಿಗೆ ಎಂಬುದೊಂದು ಇದೆ, ಅದು ನೋಡಲು ಯಾವುದರ ಹಾಗಿರುತ್ತದೆ ಎಂದು ಯಾರೂ ಅವರನ್ನು ಕೇಳಲಿಲ್ಲ.

ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆಂದು ಮಾಡುವ ಇಂಥ ಹತ್ತು ಹನ್ನೆರಡು ಬಗೆಯ ತಿಂಡಿಗಳಿಗೆ ಒಟ್ಟಾಗಿ ಕುಸ್ವಾರ್ ಎಂದು ಹೆಸರು. ಪೋರ್ಚುಗೀಸರಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟವನ್ನು ಕೊನ್ಸೊವಾದ ಎನ್ನುತ್ತಾರೆ. ಗೋವಾದಲ್ಲಿ ಅದೇ ಹೆಸರು ನೆರೆಹೊರೆಗೆ ಹಂಚುವ ತಿಂಡಿಯ ತಟ್ಟೆಗೆ ಅಂಟಿಕೊಂಡಿದೆ. ಗೋವಾದಿಂದ ದಕ್ಷಿಣಕ್ಕೆ ಬಂದು ನೆಲೆಸಿದವರ ಬಾಯಲ್ಲಿ ಆ ಮಾತೇ ಸವೆದು ಕುಸ್ವಾರ್ ಆಯಿತು ಎನ್ನುವವರಿದ್ದಾರೆ.

ಹೆಸರು ಪೋರ್ಚುಗೀಸರದ್ದಿರಬಹುದು, ತಟ್ಟೆ ಮಾತ್ರ ನಮ್ಮದೇ. ಅದರಲ್ಲಿ ನೆವ್ರಿ ಇರುತ್ತದೆ: ಎಳ್ಳು, ಕೊಬ್ಬರಿ, ಗೇರುಬೀಜ, ದ್ರಾಕ್ಷಿ, ಏಲಕ್ಕಿ ತುಂಬಿ ಅರ್ಧಚಂದ್ರದ ಹಾಗೆ ಮಡಚಿದ ತಿಂಡಿ. ಘಟ್ಟದ ಮೇಲಿನವರು ಇದನ್ನು ಕರ್ಜಿಕಾಯಿ ಎಂದೇ ಗುರುತು ಹಿಡಿಯುತ್ತಾರೆ. ಗೌಡ ಸಾರಸ್ವತರ ಮನೆಗಳಲ್ಲಿ ಚೌತಿಗೆ ಮಾಡುವುದೂ ಇದನ್ನೇ, ಇದೇ ಹೆಸರಿನಲ್ಲಿ. ಚಕ್ಕುಲಿ ಇರುತ್ತದೆ, ಎಳ್ಳುಂಡೆ ಇರುತ್ತದೆ, ವಜ್ರಾಕೃತಿಯಲ್ಲಿ ಕತ್ತರಿಸಿ ಕರಿದ ತುಕ್ಡಿ ಇರುತ್ತದೆ. ಅಕ್ಕಿಹಿಟ್ಟು, ತೆಂಗಿನಕಾಯಿಯಿಂದ ಮಾಡಿದ, ಗೋಲಿಯ ಗಾತ್ರದ, ಹೆಚ್ಚು ಕಡಿಮೆ ಗೋಲಿಯಷ್ಟೇ ಗಟ್ಟಿಯಾದ ಗುಳಿಯೊ ಇರುತ್ತದೆ. ಇವುಗಳ ನಡುವೆ ದೂರದ ನೆಂಟರ ಹಾಗೆ ಗುಲಾಬಿ ಹೂವಿನ ಆಕಾರದ ಕೊಕ್ಕಿಸಾಂ, ಸೀಬೆಹಣ್ಣನ್ನು ಕಾಯಿಸಿ ಹಲ್ವದ ಹದಕ್ಕೆ ತಂದ ಪೆರಾಡ್, ಗೇರುಬೀಜ ಮತ್ತು ಮೊಟ್ಟೆಯ ಬಿಳಿಯ ಮಕರೂನ್. ಒಂದು ಮೂಲೆಯಲ್ಲಿ ಕೇಕಿನ ಎರಡು ತುಂಡು. ಎಷ್ಟೋ ಮನೆಗಳ ತಟ್ಟೆಯಲ್ಲಿ ಒವನ್ ಕಂಡದ್ದು ಆ ಕೇಕ್, ಮಕರೂನ್ ಎರಡೇ. ಉಳಿದದ್ದೆಲ್ಲ ಬಾಣಲೆಯ ಮಕ್ಕಳು.

ಪಕ್ಕದ ಮನೆಯ ಹಿರಿಯಾಕೆಯನ್ನು ಬೀದಿಯವರೆಲ್ಲ ಬಾಯಮ್ಮ ಎನ್ನುತ್ತಿದ್ದರು. ನಮ್ಮ ಕಡೆ ಕ್ಯಾಥೊಲಿಕ್ ಹೆಂಗಸರನ್ನು ಕರೆಯುವುದೇ ಹಾಗೆ. ಕುಸ್ವಾರಿನ ವಾರದಲ್ಲಿ ಅವರ ಮನೆ ಬೇರೆಯೇ ಆಡಳಿತಕ್ಕೆ ಒಳಪಡುತ್ತಿತ್ತು. ಹಿಟ್ಟು ಕಲಸುವುದು ಅವರೇ. ಮೈದಾಕ್ಕೆ ಸ್ವಲ್ಪ ರವೆ, ಉಪ್ಪು, ಕಾಯಿಸಿದ ತುಪ್ಪ, ಮೊಟ್ಟೆ, ಆಮೇಲೆ ತೆಂಗಿನಕಾಯಿಯ ಮೊದಲ ಹಾಲು. ಬೇರೆ ಯಾರಾದರೂ ಕಲಸಿದರೆ ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ಏನೂ ಹೇಳದೆ, ಮತ್ತೆ ತಾವೇ ನಾದುತ್ತಿದ್ದರು. ಒದ್ದೆ ಬಟ್ಟೆ ಮುಚ್ಚಿದ ಹಿಟ್ಟು ಒಂದು ಗಂಟೆ ಸುಮ್ಮನಿರಬೇಕು. ಮನೆಯ ಗಂಡಸರಿಗೆ, ಮಕ್ಕಳಿಗೆ, ಬೊಂಬಾಯಿಯಿಂದ ರಜೆಗೆ ಬಂದವರಿಗೆ ತಲೆಗೊಂದು ಬಾಚಣಿಗೆ. ಎಣ್ಣೆಯ ಮುಂದೆ ಸೊಸೆ. ಎರಡು ಕಿಲೋ ಹಿಟ್ಟಿನ ಕಿಡಿಯೊ ಎಂದರೆ ಎಣಿಸಿ ಮುಗಿಯುವಂಥದ್ದಲ್ಲ. ಒಂದೇ ಒಂದು ಜೊತೆ ಕೈಯಿಂದ ಇದಾಗದು. ಈ ತಿಂಡಿಯನ್ನು ಕಂಡುಹಿಡಿದವರು ರುಚಿಗಿಂತ ಹೆಚ್ಚಾಗಿ ಮನೆಮಂದಿಯನ್ನು ಒಂದು ಕಡೆ ಕೂರಿಸುವ ಉಪಾಯ ಹುಡುಕುತ್ತಿದ್ದರೇನೋ ಎಂಬ ಅನುಮಾನ ನನಗೆ ಈಗಲೂ ಇದೆ.

ಕೈಗೆ ಬಿಡುವಿಲ್ಲದ, ತಲೆಗೆ ಕೆಲಸವೇ ಇಲ್ಲದ ಕಸುಬು ಇದು. ಅರ್ಧ ಗಂಟೆಯಲ್ಲಿ ಮಾತು ಮುಗಿದು ಜಗಳ ಶುರುವಾಗುತ್ತದೆ. ಬಾಯಮ್ಮ ಕಂಡುಕೊಂಡ ಮದ್ದು ಓದು. ಆ ವಾರಕ್ಕೆ ಸರಿಯಾಗಿ ‘ರಾಕ್ಣೊ’ ಪತ್ರಿಕೆಯ ನತಾಲಾಂ ವಿಶೇಷಾಂಕ ಮನೆಗೆ ಬಂದಿರುತ್ತಿತ್ತು. ಕೊಂಕಣಿಯಲ್ಲಿ ಕ್ರಿಸ್‌ಮಸ್ಸಿಗೆ ನತಾಲಾಂ ಎನ್ನುತ್ತಾರೆ. ಕನ್ನಡಿಗರಿಗೆ ದೀಪಾವಳಿ ಸಂಚಿಕೆ ಹೇಗೋ ಅವರಿಗೆ ಇದು ಹಾಗೆ: ಮಾಮೂಲಿ ಸಂಚಿಕೆಗಿಂತ ದಪ್ಪ, ಒಳಗೆ ಕತೆ, ಕವಿತೆ, ನಗೆಹನಿ, ಪ್ರಬಂಧ. ಆದರೆ ಓದುವವರು ಯಾರು? ಎಲ್ಲರ ಕೈಯೂ ತುಪ್ಪ, ಮೈದಾ. ಹಾಳೆ ಮುಟ್ಟಿದರೆ ಅಕ್ಷರ ಮಾಸುತ್ತದೆ.

ಆ ಕೋಣೆಯಲ್ಲಿ ಒಣಗಿದ ಕೈ ಎಂದರೆ ನನ್ನದೊಂದೇ. ನಮ್ಮದು ಮೊಟ್ಟೆ ಮುಟ್ಟದ ಮನೆ. ‘ಹೋಗಿ ಕೂತುಕೋ, ಆದರೆ ಹಿಟ್ಟಿಗೆ ಕೈ ಹಾಕಬೇಡ’ ಎಂದು ಅಮ್ಮ ಷರತ್ತು ಹಾಕಿಯೇ ಕಳಿಸುತ್ತಿದ್ದರು. ಬೆಂಚಿನ ತುದಿಯಲ್ಲಿ ಸುಮ್ಮನೆ ಕೂತಿದ್ದ ನನ್ನ ಮೇಲೆ ಒಂದು ದಿನ ಬಾಯಮ್ಮನ ಕಣ್ಣು ಬಿತ್ತು.

‘ಪುತಾ, ನಿನಗೆ ಕನ್ನಡ ಓದಲಿಕ್ಕೆ ಬರ್ತದಲ್ಲ?’

‘ಬರ್ತದೆ ಬಾಯಮ್ಮ.’

‘ಹಾಗಾದ್ರೆ ಇದನ್ನೂ ಓದು.’

ಇದು ಹೇಗೆ ಸಾಧ್ಯ ಎಂದು ಹೊರಗಿನವರಿಗೆ ಅನ್ನಿಸಬಹುದು. ಮಂಗಳೂರಿನ ಕ್ಯಾಥೊಲಿಕರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಗೋವಾದವರು ದೇವನಾಗರಿ, ರೋಮನ್ ಎಂದು ಬಡಿದಾಡಿಕೊಳ್ಳುವಾಗ ಇಲ್ಲಿಯವರು ಶಾಲೆಯಲ್ಲಿ ಕಲಿತ ಅಕ್ಷರವನ್ನೇ ತಮ್ಮ ಭಾಷೆಗೆ ತೊಡಿಸಿಕೊಂಡರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಇದೇ ಊರಿನಿಂದ. ಕನ್ನಡದ ಅಚ್ಚು ಇಲ್ಲಿ ಹಳೆಯ ಕಸುಬು. 1912ರಲ್ಲಿ ‘ಕೊಂಕ್ಣಿ ದಿರ್ವೆಂ’ ಬಂತು. ದಿರ್ವೆಂ ಎಂದರೆ ನಿಧಿ. 1938ರಲ್ಲಿ ‘ರಾಕ್ಣೊ’ ಶುರುವಾಯಿತು. ಅದರ ಅರ್ಥ ಕಾಯುವವನು. ಎರಡೂ ಕನ್ನಡ ಲಿಪಿಯವು. ಕೊಂಕಣಿಯ ಗಂಧವೇ ಇಲ್ಲದ ಕನ್ನಡದ ಹುಡುಗನೊಬ್ಬ ಅವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬಹುದು, ಒಂದಕ್ಷರ ಅರ್ಥವಾಗದೆ.

ನಾನು ಓದಿದೆ. ಮೊದಲ ಸಾಲಿಗೇ ಕೋಣೆ ಘೊಳ್ಳೆಂದಿತು. ‘ಕಿತೆಂ’ ಎಂದು ಬರೆದದ್ದನ್ನು ನಾನು ‘ಕಿತೆಮ್’ ಎಂದಿದ್ದೆ. ಕನ್ನಡದಲ್ಲಿ ಪದದ ತುದಿಯ ಸೊನ್ನೆಗೆ ತುಟಿ ಮುಚ್ಚುತ್ತೇವೆ. ಕೊಂಕಣಿಯಲ್ಲಿ ಅದು ಮೂಗಿನ ಕೆಲಸ, ತುಟಿ ತೆರೆದೇ ಇರಬೇಕು. ಬಾಯಮ್ಮ ಹಿಟ್ಟಿನ ಕೈಯಲ್ಲೇ ತಮ್ಮ ಮೂಗು ಹಿಡಿದು ತೋರಿಸಿದರು. ‘ಮ್ ಅಲ್ಲ ಮಾರಾಯ, ಮೂಗು, ಮೂಗು!’ ಅಂದಿನಿಂದ ಅವರ ಮೂಗಿನ ತುದಿ ಬೆಳ್ಳಗಿದ್ದರೆ ನಾನು ಎಲ್ಲೋ ತಪ್ಪಿದ್ದೇನೆ ಎಂದೇ ಲೆಕ್ಕ. ಮೂರು ಡಿಸೆಂಬರ್ ಕಳೆಯುವಷ್ಟರಲ್ಲಿ ನನ್ನ ಸೊನ್ನೆಗಳು ಸರಿಯಾದವು. ಅರ್ಥ ಮಾತ್ರ ಅಲ್ಲಲ್ಲಿ ಮಿಣುಕುತ್ತಿತ್ತು, ಅಷ್ಟೆ. ಕತೆ ದುಃಖದ್ದೋ ತಮಾಷೆಯದ್ದೋ ಎಂದು ನನಗೆ ತಿಳಿಯುತ್ತಿದ್ದದ್ದು ಬಾಚಣಿಗೆಗಳ ಸದ್ದಿನಿಂದ. ನಗು ಬಂದಾಗ ಕೈಗಳೆಲ್ಲ ನಿಲ್ಲುತ್ತಿದ್ದವು. ದುಃಖದ ಕತೆಗೆ ಇನ್ನೂ ಬೇಗ ಓಡುತ್ತಿದ್ದವು.

ಕಿಡಿಯೊ ಕರಿದರೆ ಆಗಲಿಲ್ಲ, ಸಕ್ಕರೆ ಪಾಕ ಎರೆಯಬೇಕು. ಪಾಕ ಎಳೆ ಬರುವ ಹೊತ್ತಿಗೆ ಕಿಡಿಯೊ ಸುರಿದು ಬಿಡದೆ ಕಲಕುತ್ತಿದ್ದರೆ, ಒದ್ದೆಯಾಗಿದ್ದದ್ದು ಇದ್ದಕ್ಕಿದ್ದಂತೆ ಒಣಗಿ ಮೈಯೆಲ್ಲ ಬೆಳ್ಳಗೆ ಹಿಟ್ಟು ಹಿಡಿದಂತಾಗುತ್ತದೆ. ಪಾಕ ಎಳೆಯದಾದರೆ ಅಂಟಂಟು, ಹೆಚ್ಚಾದರೆ ಎಲ್ಲ ಸೇರಿ ಒಂದೇ ಬಂಡೆ. ಗುಳಿಯೊದ್ದು ಬೇರೆ ಭಯ. ಅಕ್ಕಿಹಿಟ್ಟಿನ ಉಂಡೆಯ ಹದ ತಪ್ಪಿದರೆ ಎಣ್ಣೆಯಲ್ಲಿ ಪಟಾಕಿಯಂತೆ ಸಿಡಿಯುತ್ತದೆ. ಗುಳಿಯೊ ಕರಿಯುವ ದಿನ ಮಕ್ಕಳನ್ನು ಅಂಗಳಕ್ಕೆ ಅಟ್ಟುತ್ತಿದ್ದರು, ನನ್ನನ್ನೂ ಪತ್ರಿಕೆಯನ್ನೂ ಸೇರಿಸಿ.

ಕೊಕ್ಕಿಸಾಂ ಮಾಡುವುದು ನೋಡುವವರಿಗೆ ಚಂದ, ಮಾಡುವವರಿಗೆ ಹಟ. ಉದ್ದ ಹಿಡಿಯ ಕಬ್ಬಿಣದ ಅಚ್ಚನ್ನು ಕಾದ ಎಣ್ಣೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ತೆಂಗಿನ ಹಾಲು ಹಾಕಿದ ತೆಳು ಹಿಟ್ಟಿನಲ್ಲಿ ಮುಕ್ಕಾಲು ಭಾಗವಷ್ಟೇ ಅದ್ದಿ, ಮತ್ತೆ ಎಣ್ಣೆಗಿಳಿಸಬೇಕು. ಅಚ್ಚಿನ ನೆತ್ತಿಗೆ ಹಿಟ್ಟು ಹತ್ತಿತೋ, ಹೂವು ಬಿಟ್ಟುಕೊಳ್ಳುವುದೇ ಇಲ್ಲ. ಅಚ್ಚು ಸಾಕಷ್ಟು ಬಿಸಿಯಾಗದಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ಮೊದಲ ನಾಲ್ಕೈದು ಹಾಳಾಗುವುದು ಖಂಡಿತ. ಅವು ಮಕ್ಕಳ ಪಾಲು. ಕೇರಳದವರ ಅಚ್ಚಪ್ಪಂ ಇದರದೇ ಒಡಹುಟ್ಟು. ಪಳಗಿದ ಅಚ್ಚನ್ನು ಯಾರೂ ಎರವಲು ಕೊಡುವುದಿಲ್ಲ. ಬಾಯಮ್ಮನ ಮನೆಯಿಂದ ನಾವು ಕೊಡೆ, ಏಣಿ, ಒಮ್ಮೆ ಹಾಸಿಗೆಯನ್ನೂ ತಂದದ್ದುಂಟು. ಕೊಕ್ಕಿಸಾಂ ಅಚ್ಚನ್ನು ಅವರ ಸ್ವಂತ ತಂಗಿಗೂ ಕೊಟ್ಟದ್ದು ನಾನು ಕಾಣೆ.

ಇನ್ನು ಕೇಕು. ಹಣ್ಣು ನೆನೆಹಾಕುವ ಕೆಲಸ ಅಕ್ಟೋಬರ್, ನವೆಂಬರಿನಲ್ಲೇ ಮುಗಿದಿರುತ್ತಿತ್ತು. ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಯ ಚೂರು ರಮ್ಮಿನಲ್ಲಿ ಮುಳುಗಿ ಭರಣಿಯೊಳಗೆ ಕೂತಿರುತ್ತಿದ್ದವು. ಕೇಕಿಗೆ ಆ ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ಸಕ್ಕರೆಯನ್ನು ನೀರಿಲ್ಲದೆ ಕರಗಿಸಿ, ಕಂದಾಗಿ, ಇನ್ನೇನು ಕರಟುತ್ತದೆ ಎನ್ನುವಾಗ ಬಿಸಿನೀರು ಹಾಕಬೇಕು. ಅರೆಕ್ಷಣ ಮೊದಲಾದರೆ ಬಣ್ಣವಿಲ್ಲ, ತಡವಾದರೆ ಕಹಿ. ನೀರು ಬಿದ್ದೊಡನೆ ಪಾತ್ರೆ ಬುಸುಗುಟ್ಟಿ ಸಿಡಿಯುತ್ತದೆ. ಬಾಯಮ್ಮನ ಮುಂಗೈಯಲ್ಲಿ ಇದರ ಹಳೆಯ ಕಲೆಗಳಿದ್ದವು. ಹಣ್ಣಿನ ಚೂರುಗಳಿಗೆ ಒಣ ಮೈದಾ ಹೊರಳಿಸಿಯೇ ಹಾಕಬೇಕು, ಇಲ್ಲವಾದರೆ ಎಲ್ಲವೂ ತಳ ಸೇರಿ ಮೇಲೆ ಬರಿಯ ಬ್ರೆಡ್ಡು.

ಒವನ್ ಇಲ್ಲದ ಕಾಲದಲ್ಲಿ ಇದು ಬೇಯುತ್ತಿದ್ದದ್ದು ಎಲ್ಲಿ? ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ನಾಲ್ಕು ಬೆರಳು ಮರಳು ಹರಡಿ, ಅದರ ಮೇಲೆ ಕೇಕಿನ ಪಾತ್ರೆ ಇಟ್ಟು, ಮುಚ್ಚಳದ ಮೇಲೆ ಗೆರಟೆಯ ಕೆಂಡ ಸುರಿಯುತ್ತಿದ್ದರು. ಕೆಳಗೂ ಬೆಂಕಿ, ಮೇಲೂ ಬೆಂಕಿ. ಇನ್ನೊಂದು ದಾರಿ ಬೀದಿಯ ಬೇಕರಿ. ದಿನದ ಬ್ರೆಡ್ ಬೆಂದಾದ ಮೇಲೆ ಸೌದೆ ಒಲೆಯಲ್ಲಿ ಉಳಿದ ಕಾವು ಕೇಕಿಗೆ ಹೇಳಿ ಮಾಡಿಸಿದಂಥದ್ದು. ಮನೆಯಿಂದ ಹಿಟ್ಟು ತುಂಬಿದ ತಗಡಿನ ತಟ್ಟೆ ಹೊತ್ತುಕೊಂಡು ಹೋದರೆ ಬೇಯಿಸಿ ಕೊಡುತ್ತಿದ್ದರು. ಅದರ ಮೇಲೆ ಹೆಸರಿನ ಚೀಟಿ ಅಂಟಿಸಬೇಕು. ಬರಿಯ ಡಿಸೋಜ ಎಂದು ಬರೆದರೆ ಅರ್ಧ ಬೀದಿಯೇ ಬಂದು ತನ್ನದೆನ್ನುತ್ತದೆ. ಒಂದು ವರ್ಷ ಚೀಟಿ ಸುಟ್ಟುಹೋಗಿ ನಮ್ಮ ಬಾಯಮ್ಮನಿಗೆ ಯಾರದೋ ಕೇಕ್ ಬಂತು. ಒಂದು ತುಂಡು ಬಾಯಿಗಿಟ್ಟು, ‘ಯಾರೋ ಪಾಪದವರು, ರಮ್ಮೇ ಹಾಕಲಿಲ್ಲ’ ಎಂದರು. ತಮ್ಮ ಕೇಕ್ ತಿಂದ ಆ ಪಾಪದವರ ಗತಿ ಏನಾಯಿತೋ ಎಂಬ ಯೋಚನೆಯಲ್ಲಿ ಆ ರಾತ್ರಿ ಬಲಿಪೂಜೆಯಲ್ಲೂ ಅವರಿಗೆ ನಗು ತಡೆಯಲಾಗಲಿಲ್ಲವಂತೆ.

ಇಷ್ಟೆಲ್ಲ ಮಾಡುವುದು ಹಂಚುವುದಕ್ಕೆ. ಗೋದಲಿ ಕಟ್ಟಿ, ನಕ್ಷತ್ರದ ಗೂಡುದೀಪ ತೂಗಿಹಾಕಿ, ಇಗರ್ಜಿಯಿಂದ ಬಂದ ಮೇಲೆ ತಟ್ಟೆಗಳು ಬೀದಿಗಿಳಿಯುತ್ತವೆ. ಮೇಲೆ ಕ್ರೋಶದ ಬಟ್ಟೆ. ಹಿಂದೂ, ಬ್ಯಾರಿ ಎಂದಿಲ್ಲ, ಎಲ್ಲರ ಮನೆಗೂ. ನಮ್ಮ ಮನೆಯ ತಟ್ಟೆ ಬೇರೆಯಾಗಿ ಬರುತ್ತಿತ್ತು: ನೆವ್ರಿ, ಚಕ್ಕುಲಿ, ಎಳ್ಳುಂಡೆ, ಮೊಟ್ಟೆ ಹಾಕದೆ ಬೇರೆಯೇ ಕಲಸಿದ ಕಿಡಿಯೊ, ಒಂದು ಚಿಪ್ಪು ಬಾಳೆಹಣ್ಣು. ಇನ್ನೂರು ಕೆಲಸದ ನಡುವೆ ಒಂದು ಮನೆಗಾಗಿ ಎರಡನೆಯ ಹಿಟ್ಟು ಕಲಸುವುದೆಂದರೆ ಎಷ್ಟು ತಾಪತ್ರಯ ಎಂದು ನನಗೆ ಗೊತ್ತಾದದ್ದು ಸ್ವಂತ ಸಂಸಾರ ಹೂಡಿದ ಮೇಲೆ. ಅಮ್ಮ ಆ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಲಿಲ್ಲ. ಬೇಸಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳದ ಕಟ್ಟೊಂದು ಅದರಲ್ಲಿ ಕೂತು ಹೋಗುತ್ತಿತ್ತು.

ಬಾಯಮ್ಮನ ಗಂಡ ತೀರಿಕೊಂಡ ವರ್ಷ ಡಬ್ಬ ಅಟ್ಟದಿಂದ ಇಳಿಯಲಿಲ್ಲ. ಸೂತಕದ ಮನೆಯಲ್ಲಿ ಕುಸ್ವಾರ್ ಮಾಡುವ ಪದ್ಧತಿ ಇಲ್ಲ. ಬಂಧುಗಳೂ ನೆರೆಯವರೂ ತಟ್ಟೆ ಕಳಿಸಿದರು, ಮೇಜಿನ ಮೇಲೆ ಜಾಗ ಸಾಲದಷ್ಟು. ನಾನು ಆಗ ಹೈಸ್ಕೂಲು. ಹೋಗಲೋ ಬೇಡವೋ ಎಂದು ಅಳುಕುತ್ತಲೇ ಹೋದೆ. ವಿಶೇಷಾಂಕವನ್ನು ಅವರೇ ತೆಗೆದು ಮುಂದಿಟ್ಟರು. ಓದಿದೆ. ಬಾಚಣಿಗೆಯ ಸದ್ದಿಲ್ಲದೆ ನನ್ನ ದನಿ ನನಗೇ ಜೋರಾಗಿ ಕೇಳುತ್ತಿತ್ತು. ನಡುವೆ ತಲೆ ಎತ್ತಿ ನೋಡಿದರೆ ಬಾಯಮ್ಮ ಕಣ್ಣು ಮುಚ್ಚಿದ್ದರು. ಮಡಿಲಲ್ಲಿದ್ದ ಬಲಗೈಯ ಹೆಬ್ಬೆರಳು ಮಾತ್ರ ಎಡ ಅಂಗೈಯ ಮೇಲೆ ಒತ್ತಿ ಉರುಳಿಸುತ್ತ, ಒತ್ತಿ ಉರುಳಿಸುತ್ತ ಇತ್ತು.

ಈಗ ನವೆಂಬರ್ ಬಂದರೆ ಮಂಗಳೂರಿನ ಬೇಕರಿಗಳಲ್ಲಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕುಸ್ವಾರಿನ ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ಆರ್ಡರ್ ತೆಗೆದುಕೊಂಡು ಮನೆಯಲ್ಲೇ ಮಾಡಿಕೊಡುವ ಹೆಂಗಸರಿದ್ದಾರೆ. ಕರಿದ ಒಣ ತಿಂಡಿಯಾದ್ದರಿಂದ ದೂರದ ಪ್ರಯಾಣ ತಡೆಯುತ್ತದೆ; ಹಿಂದೆ ಬೊಂಬಾಯಿಗೆ ಹೋಗುತ್ತಿದ್ದದ್ದು ಈಗ ಬಜ್ಪೆಯಿಂದ ದುಬೈ, ದೋಹಾಕ್ಕೆ ಹಾರುತ್ತದೆ. ಕೊಂಡದ್ದು ಕೀಳು ಎಂದು ಮೂಗು ಮುರಿಯುವವರ ಪೈಕಿ ನಾನಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಹತ್ತು ಬಗೆ ಕರಿಯಿರಿ ಎಂದು ಉಪದೇಶಿಸುವವರು ಸಾಮಾನ್ಯವಾಗಿ ತಿನ್ನುವವರೇ ಹೊರತು ಕರಿಯುವವರಲ್ಲ. ಅಂಗಡಿಯ ಕಿಡಿಯೊ ರುಚಿಯಲ್ಲಿ ಏನೂ ಕಡಿಮೆಯಿಲ್ಲ. ಆದರೆ ಎಲ್ಲ ಒಂದೇ ಅಳತೆ. ಮನೆಯ ಡಬ್ಬದಲ್ಲಾದರೆ ದೊಡ್ಡಪ್ಪನದ್ದು ದಪ್ಪ, ಕೊನೆಯ ಮೊಮ್ಮಗಳದ್ದು ಅರ್ಧ ಸುತ್ತಿ ಬಿಟ್ಟದ್ದು ಎಂದು ಆರಿಸಿ ತೋರಿಸಬಹುದಿತ್ತು.

ಕಳೆದ ಡಿಸೆಂಬರಿನಲ್ಲಿ ಬಹಳ ವರ್ಷಗಳ ನಂತರ ಆ ಮನೆಗೆ ಹೋಗಿದ್ದೆ. ಹಂಚಿನ ಮನೆ ಹೋಗಿ ಅದೇ ಜಾಗದಲ್ಲಿ ಫ್ಲ್ಯಾಟು ಎದ್ದಿದೆ. ಬಾಯಮ್ಮ ಇಲ್ಲ. ಎಣ್ಣೆಯ ಮುಂದೆ ನಿಲ್ಲುತ್ತಿದ್ದ ಸೊಸೆಗೆ ಈಗ ತಲೆ ನರೆತಿದೆ. ಗುಳಿಯೊ, ಕೊಕ್ಕಿಸಾಂ ತರಿಸಿದ್ದರು. ಕೇಕು ಕರೆಂಟಿನ ಒವನಿನಲ್ಲಿ ಮನೆಯಲ್ಲೇ. ‘ಕಿಡಿಯೊ ಮಾತ್ರ ಬಿಡ್ಲಿಕ್ಕೆ ಮನಸ್ಸಾಗುದಿಲ್ಲ’ ಎಂದು ಡಬ್ಬ ಇಳಿಸಿದರು. ಐದು ಬಾಚಣಿಗೆ ಉಳಿದಿವೆ. ಮೇಜಿನ ಸುತ್ತ ಗಲ್ಫಿನಿಂದ ರಜೆಗೆ ಬಂದ ಮಗ, ಸೊಸೆ, ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗ.

ಈ ಸಲ ಹಿಟ್ಟಿಗೆ ಕೈ ಹಾಕಬೇಡ ಎನ್ನುವ ಅಮ್ಮ ನನಗಿರಲಿಲ್ಲ. ಬಾಚಣಿಗೆ ಎತ್ತಿಕೊಂಡೆ. ನಾನು ಉರುಳಿಸಿದ ಮೊದಲ ಕಿಡಿಯೊ ನಿಜಕ್ಕೂ ಹುಳದಂತೆಯೇ ಇತ್ತು. ಬಾಯಮ್ಮನ ಸೊಸೆ ಅದನ್ನು ನೋಡಿ, ಹಳೆಯ ಬಾಯಮ್ಮನ ಹಾಗೆಯೇ ಏನೂ ಹೇಳದೆ, ಬಾಚಣಿಗೆ ಕಿತ್ತುಕೊಂಡು ಕಪಾಟಿನಿಂದ ಪತ್ರಿಕೆ ತಂದು ಕೈಗಿಟ್ಟರು.

ಅಲ್ಲಿ ಒಂದು ಸಂಗತಿ ತಿಳಿಯಿತು. ಆ ಹದಿನಾರರ ಹುಡುಗನಿಗೆ ಕೊಂಕಣಿ ನೀರು ಕುಡಿದಷ್ಟು ಸಲೀಸು. ಮನೆಯಲ್ಲಿ ಆಡುವುದೇ ಅದನ್ನು. ಆದರೆ ಕನ್ನಡ ಅಕ್ಷರ ಬಾರದು. ಅವನು ಓದಿದ ಶಾಲೆಯಲ್ಲಿ ಅದಿರಲಿಲ್ಲ. ತನ್ನ ಮುತ್ತಜ್ಜಿಯ ಭಾಷೆ ಅಚ್ಚಾಗಿ ಕಣ್ಣೆದುರಿಗೇ ಇದ್ದರೂ ಅವನ ಪಾಲಿಗೆ ಅದು ಬರಿಯ ಸೊನ್ನೆ ಸುರುಳಿ. ನನಗೆ ಅಕ್ಷರ ಇದೆ, ಭಾಷೆ ಇಲ್ಲ. ನಾನು ಓದಿದೆ, ಅವನು ನಕ್ಕ. ಯಾಕೆ ನಕ್ಕದ್ದು ಎಂದು ಕೇಳಿದೆ. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಆಮೇಲೆ ನಾನೂ ನಕ್ಕೆ, ಒಂದು ಪುಟ ತಡವಾಗಿ. ಎರಡು ಕತೆ ಮುಗಿಯುವಷ್ಟರಲ್ಲಿ ಒಂದು ಕಿಲೋ ಹಿಟ್ಟು ಖಾಲಿಯಾಗಿತ್ತು.

ಹೊರಡುವಾಗ ಮೊಟ್ಟೆಯಿಲ್ಲದ ತಟ್ಟೆಯೇ ಕೈಗೆ ಬಂತು. ನಾನು ಈಗ ಎಲ್ಲ ತಿನ್ನುತ್ತೇನೆ ಎಂದು ಹೇಳುವ ಧೈರ್ಯವಾಗಲಿಲ್ಲ.

ಈ ಡಿಸೆಂಬರಿನಲ್ಲಿ ನಿಮಗೂ ಒಂದು ತಟ್ಟೆ ಬಂದರೆ ಕೊಕ್ಕಿಸಾಂ ಮೊದಲು ತಿಂದುಬಿಡಿ, ಗಾಳಿ ತಾಗಿದರೆ ಮೆತ್ತಗಾಗುತ್ತದೆ. ಆಮೇಲೆ ನೆವ್ರಿ, ಒಳಗಿನ ಕೊಬ್ಬರಿ ಹೆಚ್ಚು ದಿನ ನಿಲ್ಲದು. ಕಿಡಿಯೊ ಗಾಜಿನ ಭರಣಿಗೆ ಹಾಕಿ ಬಿಗಿ ಮುಚ್ಚಳ ಹಾಕಿ. ಗುಳಿಯೊಗೆ ಅವಸರವಿಲ್ಲ, ಹಲ್ಲು ಗಟ್ಟಿಯಿದ್ದವರಿಗೆ ಹೊಸ ವರ್ಷ ಕಳೆದ ಮೇಲೂ ಅದು ಕಾದಿರುತ್ತದೆ.